ಸೂರಿಲ್ಲದ ಬೋಗಿ

ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ನೇರವಾಗಿ ಹೋಗಲು ಇವತ್ತು ಎರಡು ದಾರಿಗಳಿವೆ. ಒಂದು ಯೂರೋಸ್ಟಾರ್. ಮುನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರವನ್ನು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಶಿವಮೊಗ್ಗದಷ್ಟು ದಾರಿಯನ್ನು, ಅದು 1 ಗಂಟೆ 22 ನಿಮಿಷದಲ್ಲಿ ಮುಗಿಸುತ್ತದೆ. ಇನ್ನೊಂದು 2024ರ ಡಿಸೆಂಬರಿನಲ್ಲಿ ಶುರುವಾದ ವೀಗೋ. ಅದು ಹಳೆಯ ಹಳಿಗಳ ಮೇಲೆ, 1970ರ ದಶಕದ ಮಾದರಿಯ ಬೋಗಿಗಳನ್ನು ಎಳೆದುಕೊಂಡು, ಸುಮಾರು ಮೂರು ಗಂಟೆ ಸಾಗುತ್ತದೆ. ಟಿಕೆಟ್ 10 ಯೂರೋದಿಂದ ಶುರು. ಯೂರೋಸ್ಟಾರಿನ ಟಿಕೆಟ್ಟೋ, ಹೊರಡುವ ದಿನ ಹತ್ತಿರವಾದಂತೆ ಇದರ ಹಲವು ಪಟ್ಟಾಗುತ್ತದೆ. ಕುತೂಹಲದ ಸಂಗತಿಯೆಂದರೆ ಎರಡರ ಹಿಂದೆಯೂ ಇರುವುದು ಫ್ರಾನ್ಸಿನ ಸರ್ಕಾರಿ ರೈಲ್ವೆಯಾದ ಎಸ್‌ಎನ್‌ಸಿಎಫ್. ಯೂರೋಸ್ಟಾರಿನ ಬಹುಪಾಲು ಷೇರು ಅದರ ಕೈಯಲ್ಲಿದೆ, ವೀಗೋ ಅದರದೇ ಅಗ್ಗದ ಬ್ರ್ಯಾಂಡು. ಒಂದೇ ಅಂಗಡಿಯವರು ಒಂದೇ ಊರಿಗೆ ಬೇಗ ಮುಟ್ಟಿಸುವ ದುಬಾರಿ ರೈಲನ್ನೂ ತಡವಾಗಿ ಮುಟ್ಟಿಸುವ ಅಗ್ಗದ ರೈಲನ್ನೂ ಯಾಕೆ ಮಾರುತ್ತಾರೆ?

ಇದಕ್ಕೆ ಉತ್ತರವನ್ನು 1849ರಲ್ಲೇ ಒಬ್ಬ ಎಂಜಿನಿಯರ್ ಬರೆದಿಟ್ಟಿದ್ದಾನೆ. ಹೆಸರು ಜೂಲ್ ದ್ಯುಪ್ವಿ. ಫ್ರಾನ್ಸಿನ ಸೇತುವೆ-ರಸ್ತೆಗಳ ಇಲಾಖೆಯಲ್ಲಿದ್ದ ಈತ ಸೇತುವೆಯ ಸುಂಕ ಎಷ್ಟಿರಬೇಕು ಎಂಬ ಲೆಕ್ಕ ಹಾಕುತ್ತಲೇ ಅರ್ಥಶಾಸ್ತ್ರಕ್ಕೆ ಕೆಲವು ಮುಖ್ಯ ವಿಚಾರಗಳನ್ನು ಕೊಟ್ಟವನು. ಸುಂಕಗಳನ್ನು ಕುರಿತ ಆತನ ಪ್ರಬಂಧದಲ್ಲಿ ರೈಲಿನ ಮೂರನೇ ದರ್ಜೆಯ ಮಾತು ಬರುತ್ತದೆ. ಆಗ ಕೆಲವು ಕಂಪನಿಗಳ ಮೂರನೇ ದರ್ಜೆಯ ಬೋಗಿಗಳಿಗೆ ಸೂರು ಇರಲಿಲ್ಲ, ಕೂರಲು ಬರೀ ಮರದ ಹಲಗೆ. ಬಡವರ ಬಗ್ಗೆ ಕಂಪನಿಗೆ ದ್ವೇಷವೇ? ಸೂರು ಹಾಕಿಸಲು ದುಡ್ಡಿಲ್ಲವೇ? ಎರಡೂ ಅಲ್ಲ ಎನ್ನುತ್ತಾನೆ ದ್ಯುಪ್ವಿ. ಸೂರಿಗೆ ಬೇಕಾದದ್ದು ಕೆಲವು ಸಾವಿರ ಫ್ರಾಂಕು, ಕಂಪನಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಮೂರನೇ ದರ್ಜೆಯಲ್ಲಿ ಮಳೆ ಬಿಸಿಲು ತಾಗದಂತಾದರೆ ಎರಡನೇ ದರ್ಜೆಯ ದುಡ್ಡು ಕೊಡಬಲ್ಲವನೂ ಅಲ್ಲೇ ಬಂದು ಕೂರುತ್ತಾನೆ. ಅವನನ್ನು ಹೆದರಿಸಿ ದೂರವಿಡುವುದಕ್ಕಾಗಿ ಬಡವನನ್ನು ಮಳೆಯಲ್ಲಿ ನೆನೆಸಬೇಕು. ಅದೇ ಕಾರಣಕ್ಕೆ ಕಂಪನಿಗಳು ಮೂರನೇ ದರ್ಜೆಯವರ ಮಟ್ಟಿಗೆ ಕಟುಕರಾಗಿ, ಎರಡನೇ ದರ್ಜೆಯವರ ಮಟ್ಟಿಗೆ ಜಿಪುಣರಾಗಿ, ಮೊದಲ ದರ್ಜೆಯವರ ಮುಂದೆ ಧಾರಾಳಿಗಳಾಗುತ್ತವೆ ಎಂದೂ ಆತ ಸೇರಿಸುತ್ತಾನೆ.

ಯುರೋಪಿನ ಊರುಗಳ ನಡುವೆ ಅಗ್ಗವಾಗಿ ಓಡಾಡುವ ಚರಿತ್ರೆಯನ್ನು ಓದುವಾಗ ಈ ಒಂದು ಪುಟ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಟಿಕೆಟ್ ಯಾಕೆ ಅಗ್ಗ ಎಂದು ಕೇಳುವುದಕ್ಕಿಂತ, ಅಗ್ಗದ ಟಿಕೆಟ್ಟಿನಿಂದ ಯಾವ ಸೂರನ್ನು ಕಿತ್ತಿದ್ದಾರೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಸೂರಿಲ್ಲದ ಬೋಗಿ ಎಂಬುದು ದ್ಯುಪ್ವಿಯ ರೂಪಕವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಮೊದಲು ಮೂರನೇ ದರ್ಜೆಯವರನ್ನು ಸಾಗಿಸುತ್ತಿದ್ದದ್ದು ಸರಕಿನ ತೆರೆದ ಡಬ್ಬಿಗಳಲ್ಲೇ. ಮಳೆಯ ನೀರು ಹರಿದುಹೋಗಲೆಂದು ಕೆಲವುದರ ನೆಲದಲ್ಲಿ ತೂತು ಕೊರೆದಿರುತ್ತಿದ್ದರು. 1841ರ ಡಿಸೆಂಬರ್ 24ರ ನಸುಕಿನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಹೀಗೊಂದು ಸರಕಿನ ರೈಲು ಹೊರಟಿತು. ಎಂಜಿನ್ನಿಗೂ ಸರಕಿನ ಡಬ್ಬಿಗಳಿಗೂ ನಡುವೆ ಮೂರನೇ ದರ್ಜೆಯ ಎರಡು ಡಬ್ಬಿಗಳು, ಅವುಗಳ ಪಕ್ಕದ ಹಲಗೆಯ ಎತ್ತರ ಎರಡೇ ಅಡಿ. ಅದರಲ್ಲಿದ್ದವರಲ್ಲಿ ಹಲವರು ಕಲ್ಲುಕುಟಿಗರು. ಲಂಡನ್ನಿನಲ್ಲಿ ಹೊಸ ಪಾರ್ಲಿಮೆಂಟ್ ಭವನ ಕಟ್ಟುತ್ತಿದ್ದ ಅವರು ಕ್ರಿಸ್‌ಮಸ್ಸಿಗೆ ಊರಿಗೆ ಹೊರಟಿದ್ದರು. ರೆಡಿಂಗ್ ಊರಿನ ಹತ್ತಿರ ಸಾನಿಂಗ್ ಎಂಬಲ್ಲಿ ಗುಡ್ಡ ಕಡಿದು ಹಳಿ ಹಾಕಿದ್ದ ಜಾಗದಲ್ಲಿ, ಮಳೆಗೆ ಮಣ್ಣು ಕುಸಿದು ಹಳಿಯ ಮೇಲೆ ಬಿದ್ದಿತ್ತು. ಎಂಜಿನ್ ಅದಕ್ಕೆ ಹೋಗಿ ಹೊಡೆಯಿತು. ಹಿಂದಿನ ಸರಕಿನ ಡಬ್ಬಿಗಳು ನುಗ್ಗಿ ಬಂದು ನಡುವಿದ್ದವರನ್ನು ಅಪ್ಪಚ್ಚಿ ಮಾಡಿದವು. 8 ಮಂದಿ ಸ್ಥಳದಲ್ಲೇ ಸತ್ತರು, ಆಮೇಲೆ ಇನ್ನೊಬ್ಬರು. ಪಾರ್ಲಿಮೆಂಟಿನ ಗೋಡೆ ಕಟ್ಟುತ್ತಿದ್ದವರ ಈ ಸಾವು ಪಾರ್ಲಿಮೆಂಟಿನ ಒಳಗೂ ಕೇಳಿಸಿತು. 1844ರಲ್ಲಿ ಗ್ಲಾಡ್‌ಸ್ಟನ್ ಮುತುವರ್ಜಿಯಿಂದ ಒಂದು ರೈಲ್ವೆ ಕಾಯ್ದೆ ಬಂತು. ಪ್ರತಿ ಹೊಸ ಮಾರ್ಗದಲ್ಲೂ ವಾರದ ಕೆಲಸದ ದಿನಗಳಲ್ಲಿ ದಿನಕ್ಕೊಂದಾದರೂ ಮೂರನೇ ದರ್ಜೆಯ ರೈಲು ಓಡಬೇಕು, ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು, ನಿಲುಗಡೆಗಳೂ ಸೇರಿ ಗಂಟೆಗೆ 12 ಮೈಲಿಗಿಂತ ನಿಧಾನವಾಗಬಾರದು, ಕೂರಲು ಸೀಟಿರಬೇಕು, ಮಳೆಗಾಳಿಯಿಂದ ರಕ್ಷಣೆ ಇರಬೇಕು, ದರ ಮೈಲಿಗೆ ಒಂದು ಪೆನ್ನಿ ದಾಟಬಾರದು. 56 ಪೌಂಡ್ ತೂಕದ ಗಂಟುಮೂಟೆಗೆ ದುಡ್ಡಿಲ್ಲ.

ಅಂತೂ ಕಾನೂನು ಸೂರು ಕೊಟ್ಟಿತು. ಕಂಪನಿಗಳು ಕಾಯ್ದೆಯನ್ನು ಪಾಲಿಸಿದವು, ಪಾಲಿಸುತ್ತಲೇ ಆ ಒಂದು ರೈಲನ್ನು ಯಾರಿಗೂ ಬೇಡವಾದ ಹೊತ್ತಿನಲ್ಲಿ ಓಡಿಸತೊಡಗಿದವು. ‘ಪಾರ್ಲಿಮೆಂಟರಿ ರೈಲು’ ಎಂಬುದು ಎಷ್ಟು ದೊಡ್ಡ ಗೇಲಿಯ ಮಾತಾಯಿತೆಂದರೆ, 1885ರ ‘ಮಿಕಾಡೊ’ ಎಂಬ ಹಾಸ್ಯ ಗೀತನಾಟಕದ ಚಕ್ರವರ್ತಿ ತನ್ನ ಶಿಕ್ಷೆಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಂಡಿದ್ದಾನೆ. ಮಳೆಯಿಂದ ತಪ್ಪಿಸಿಕೊಂಡ ಬಡವ ಗಡಿಯಾರದ ಕೈಗೆ ಸಿಕ್ಕಿಬಿದ್ದ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದೇ 1844 ಇನ್ನೊಂದು ಕಾರಣಕ್ಕೆ ಗೊತ್ತಿರಬಹುದು. ಕೆಂಡಲ್‌ನಿಂದ ವಿಂಡರ್‌ಮಿಯರ್‌ಗೆ ರೈಲು ಮಾರ್ಗ ಬೇಡವೆಂದು ವರ್ಡ್ಸ್‌ವರ್ತ್ ಒಂದು ಸಾನೆಟ್ ಬರೆದರು, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಕಾಗದಗಳನ್ನೂ ಬರೆದರು. ಸಾನೆಟ್ಟನ್ನು ಗ್ಲಾಡ್‌ಸ್ಟನ್‌ಗೂ ಕಳಿಸಿಕೊಟ್ಟಿದ್ದರು. ತಮ್ಮ ಸರೋವರಗಳ ನಾಡಿಗೆ ಲ್ಯಾಂಕಾಷೈರಿನ ಗಿರಣಿಗಳ ಕಾರ್ಮಿಕರು ಅಗ್ಗದ ರಜಾ ರೈಲುಗಳಲ್ಲಿ ಹಿಂಡುಹಿಂಡಾಗಿ ಬಂದಿಳಿಯುತ್ತಾರೆ, ನಿಸರ್ಗದ ಚೆಲುವನ್ನು ಸವಿಯಲು ಬೇಕಾದ ಸಂಸ್ಕಾರ ಹೀಗೆ ಒಂದು ದಿನದ ಭೇಟಿಯಲ್ಲಿ ಬರುವುದಿಲ್ಲ ಎಂಬುದು ಅವರ ವಾದ. ಹಳ್ಳಿಯ ಬಡವರ ಮಾತನ್ನೇ ಕಾವ್ಯದ ಮಾತಾಗಿಸಬೇಕೆಂದಿದ್ದ ಕವಿ ಇಲ್ಲಿ ಹೀಗೆ ಬರೆದದ್ದನ್ನು ಪಾಠ ಮಾಡುವವರು ಸಾಮಾನ್ಯವಾಗಿ ಮೆಲ್ಲಗೆ ದಾಟಿಬಿಡುತ್ತಾರೆ. 1847ರಲ್ಲಿ ರೈಲು ವಿಂಡರ್‌ಮಿಯರ್ ಮುಟ್ಟಿತು. ಜನ ಬಂದರು.

ಇನ್ನು ಟಿಕೆಟ್ಟಿನ ವಿಚಾರ. ನಮ್ಮಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಬೆರಳುದ್ದದ ಆ ರಟ್ಟಿನ ಟಿಕೆಟ್ಟನ್ನು ನೆನೆಯುತ್ತಾರೆ. ಎರಡು ಊರಿನ ಹೆಸರು, ದರ್ಜೆ, ದರ, ಒಂದು ಕ್ರಮಸಂಖ್ಯೆ. ಅದು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ 1830ರ ದಶಕದ ಕೊನೆಯಲ್ಲಿ ರೂಪಿಸಿದ್ದು. ನ್ಯೂಕ್ಯಾಸಲ್-ಕಾರ್ಲೈಲ್ ಮಾರ್ಗದ ಒಂದು ಸಣ್ಣ ನಿಲ್ದಾಣದಲ್ಲಿ ಮಾಸ್ತರನಾಗಿದ್ದ ಆತ, ಪ್ರತಿ ಟಿಕೆಟ್ಟನ್ನೂ ಕೈಯಲ್ಲಿ ಬರೆಯುವ ಕಷ್ಟ ತಪ್ಪಿಸಲು ಇದನ್ನು ಮಾಡಿದ. ಯುರೋಪೆಲ್ಲ ಸುತ್ತಿ ಅದು ಭಾರತಕ್ಕೂ ಬಂತು. ಈ ರಟ್ಟಿನ ಚೂರಿನಲ್ಲಿ ನಾವು ಸುಲಭವಾಗಿ ಗಮನಿಸದ ಒಂದು ಸಂಗತಿಯಿದೆ. ಅದರ ಮೇಲೆ ದರವನ್ನು ಮೊದಲೇ ಅಚ್ಚು ಹಾಕಬಹುದಾಗಿತ್ತು. ತಿಂಗಳ ಹಿಂದೆ ಅಚ್ಚಾಗಿ ಕಪಾಟಿನಲ್ಲಿ ಕೂತ ಟಿಕೆಟ್ಟನ್ನು ಯಾರು, ಯಾವಾಗ ಬಂದು ಕೇಳಿದರೂ ಅದೇ ದರಕ್ಕೆ ಕೊಡಬೇಕು. ಮೂರನೇ ದರ್ಜೆಯವನನ್ನು ಕೀಳಾಗಿ ಕಂಡರೂ, ಎಷ್ಟು ಕೊಡಬೇಕು ಎಂಬುದು ಅವನಿಗೆ ಮನೆ ಬಿಡುವ ಮುಂಚೆಯೇ ಗೊತ್ತಿರುತ್ತಿತ್ತು. 1842ರಲ್ಲಿ ಲಂಡನ್ನಿನಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಶುರುವಾದ ಮೇಲೆ, ಬೇರೆ ಬೇರೆ ಕಂಪನಿಗಳ ಹಳಿಗಳನ್ನು ದಾಟಿ ಹೋಗುವವನಿಗೂ ಒಂದೇ ಟಿಕೆಟ್ ಸಾಕಾಯಿತು. ಹಣ ಹಂಚಿಕೊಳ್ಳುವ ತಲೆನೋವು ಕಂಪನಿಗಳದು. ಯುರೋಪಿನ ದೇಶಗಳ ನಡುವೆಯೂ ಕಾಲಕ್ರಮದಲ್ಲಿ ಇಂಥದ್ದೇ ಏರ್ಪಾಡು ಬಂತು.

ಪ್ಯಾರಿಸ್-ಬ್ರಸೆಲ್ಸ್ ಮಾರ್ಗ ಉದ್ಘಾಟನೆಯಾದದ್ದು 1846ರ ಜೂನ್‌ನಲ್ಲಿ. ಎರಡು ದೇಶಗಳ ರಾಜಧಾನಿಗಳನ್ನು ಹಳಿಯಿಂದ ಜೋಡಿಸಿದ ಆ ಸಂಭ್ರಮಕ್ಕೆ ಲಿಲ್ ನಗರದಲ್ಲಿ ದೊಡ್ಡ ಉತ್ಸವ ನಡೆಯಿತು. ಸಂಗೀತಗಾರ ಬರ್ಲಿಯೋಜ್ ಅದಕ್ಕಾಗಿಯೇ ‘ರೈಲು ಹಾದಿಯ ಹಾಡು’ ಎಂಬರ್ಥದ ಹೆಸರಿನ ಒಂದು ಮೇಳಗೀತ ರಚಿಸಿದ. ಅದರಲ್ಲಿ ಹಳಿ ಹಾಕಿದ ಕಾರ್ಮಿಕರಿಗೆ ಬೇಕಾದಷ್ಟು ಹೊಗಳಿಕೆಯಿದೆ. ಐದು ವರ್ಷದ ಮೇಲೆ, 1851ರ ಡಿಸೆಂಬರ್ 11ರ ರಾತ್ರಿ, ಅದೇ ಹಾದಿಯಲ್ಲಿ ಒಬ್ಬ ‘ಕಾರ್ಮಿಕ’ ಪ್ಯಾರಿಸ್ ಬಿಟ್ಟ. ಪಾಸ್‌ಪೋರ್ಟಿನಲ್ಲಿ ಲಾನ್ವಾ ಎಂಬ ಹೆಸರು. ಆತ ವಿಕ್ಟರ್ ಹ್ಯೂಗೊ. ಲೂಯಿ ನೆಪೋಲಿಯನ್ ದಂಗೆ ಎಬ್ಬಿಸಿ ಅಧಿಕಾರ ಹಿಡಿದು ಆಗ ಹತ್ತು ದಿನವೂ ಆಗಿರಲಿಲ್ಲ, ಪೊಲೀಸರು ಹ್ಯೂಗೊನನ್ನು ಹುಡುಕುತ್ತಿದ್ದರು. ಕಾರ್ಮಿಕನ ವೇಷ ತೊಟ್ಟವನನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಆತ ಗಡಿ ದಾಟಿದ. ನಂಬಿಕೆ ಸುಳ್ಳಾಗಲಿಲ್ಲ.

ದ್ಯುಪ್ವಿ ವಿವರಿಸಿದ್ದು ನಿಸರ್ಗ ನಿಯಮವೇನಲ್ಲ. ಅದನ್ನು ಮುರಿದವರೂ ಇದ್ದಾರೆ. ಇಂಗ್ಲೆಂಡಿನ ಮಿಡ್‌ಲೆಂಡ್ ರೈಲ್ವೆ 1872ರಲ್ಲಿ ತನ್ನ ಎಲ್ಲ ರೈಲುಗಳಿಗೂ ಮೂರನೇ ದರ್ಜೆಯನ್ನು ಸೇರಿಸಿತು. 1875ರಲ್ಲಿ ಎರಡನೇ ದರ್ಜೆಯನ್ನೇ ತೆಗೆದುಹಾಕಿ, ಮೂರನೆಯದಕ್ಕೆ ಮೆತ್ತೆ ಹಾಕಿಸಿತು. ಉಳಿದ ಕಂಪನಿಗಳವರು ಹಲ್ಲು ಕಡಿದರು, ಆಮೇಲೆ ತಾವೂ ಅದೇ ಹಾದಿ ಹಿಡಿದರು. ಹಂಗೇರಿಯಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. ಗಾಬೊರ್ ಬಾರೊಶ್ ಎಂಬ ಮಂತ್ರಿಯನ್ನು ಅಲ್ಲಿನವರು ಇಂದಿಗೂ ‘ಉಕ್ಕಿನ ಮಂತ್ರಿ’ ಎನ್ನುತ್ತಾರೆ. 1889ರ ಆಗಸ್ಟ್ 1ರಿಂದ ಆತ ದೇಶದ ರೈಲುದರವನ್ನು ವಲಯಗಳಾಗಿ ಹಂಚಿಬಿಟ್ಟ. ಒಟ್ಟು 14 ವಲಯ, ಮೊದಲನೆಯದು 25 ಕಿಲೋಮೀಟರ್ ತನಕ, ಕೊನೆಯದು 225 ಕಿಲೋಮೀಟರಿನ ಆಚೆ. ಆ ಕೊನೆಯ ವಲಯದೊಳಗೆ ಕಾಲಿಟ್ಟ ಮೇಲೆ ಎಷ್ಟು ದೂರ ಹೋದರೂ ದರ ಏರುವುದಿಲ್ಲ. ಬುಡಾಪೆಸ್ಟ್ ಎಂದರೆ ಕೇಳಿ ಮಾತ್ರ ಗೊತ್ತಿದ್ದ ಗಡಿಯಂಚಿನ ಹಳ್ಳಿಗರಿಗೆ ರಾಜಧಾನಿ ಒಮ್ಮೆಗೇ ಹತ್ತಿರವಾಯಿತು. ದರ ಇಳಿದರೆ ಬೊಕ್ಕಸ ಬರಿದಾಗುತ್ತದೆ ಎಂದವರ ಕಣ್ಣೆದುರೇ ಪ್ರಯಾಣಿಕರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಬಾರೊಶ್ 43ನೆಯ ವಯಸ್ಸಿಗೇ ತೀರಿಕೊಂಡ.

ಇದೇ ಹೊತ್ತಿಗೆ ವಸಾಹತುಗಳಲ್ಲಿ ದ್ಯುಪ್ವಿಯ ಲೆಕ್ಕ ತನ್ನ ಅತಿ ಕೆಟ್ಟ ರೂಪದಲ್ಲಿ ಉಳಿದುಕೊಂಡಿತ್ತು. ಗಾಂಧಿ 1917ರಲ್ಲಿ ಭಾರತದ ಮೂರನೇ ದರ್ಜೆಯ ಬಗ್ಗೆ ಬರೆದ ಕಿರುಹೊತ್ತಿಗೆಯಲ್ಲಿ ಮುಂಬೈ-ಮದ್ರಾಸ್ ಪ್ರಯಾಣದ ಲೆಕ್ಕ ಕೊಡುತ್ತಾರೆ. ಮೊದಲ ದರ್ಜೆಯ ದರ ಮೂರನೆಯದರ ಐದು ಪಟ್ಟು. ಹಾಗಾದರೆ ಮೂರನೇ ದರ್ಜೆಯವನಿಗೆ ಮೊದಲ ದರ್ಜೆಯ ಸುಖದ ಐದರಲ್ಲೊಂದು, ಹೋಗಲಿ ಹತ್ತರಲ್ಲೊಂದು ಪಾಲಾದರೂ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ. ಗಾಂಧಿ ದ್ಯುಪ್ವಿಯನ್ನು ಓದಿರಬೇಕಾದ ಅಗತ್ಯವಿರಲಿಲ್ಲ, ಆ ಬೋಗಿಯಲ್ಲಿ ಕೂತಿದ್ದರು.

ಯುರೋಪಿನಲ್ಲಿ 1936ರ ಬೇಸಿಗೆಯನ್ನು ಒಂದು ತಿರುವೆಂದು ಲೆಕ್ಕ ಹಾಕಬೇಕು. ಫ್ರಾನ್ಸಿನ ಪಾಪ್ಯುಲರ್ ಫ್ರಂಟ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕೊಟ್ಟಿತು. ರಜೆ ಕೊಟ್ಟರೆ ಸಾಲದು, ಹೋಗುವುದಾದರೂ ಹೇಗೆ ಎಂದು ಯೋಚಿಸಿದ ಲಿಯೊ ಲಾಗ್ರಾಂಜ್ ಎಂಬ ಕಿರಿಯ ಮಂತ್ರಿ, ರೈಲು ಕಂಪನಿಗಳಿಂದ ಶೇ. 40ರ ರಿಯಾಯಿತಿ ಟಿಕೆಟ್ ಮಾಡಿಸಿದ. ಲಕ್ಷಾಂತರ ಜನ ಆ ವರ್ಷ ಕಡಲು ನೋಡಿದರು, ಅನೇಕರಿಗೆ ಅದೇ ಮೊದಲು. ವರ್ಡ್ಸ್‌ವರ್ತರ ಆತಂಕವನ್ನು ಫ್ರಾನ್ಸಿನ ಬಲಪಂಥೀಯ ಪತ್ರಿಕೆಗಳು ತಮ್ಮ ಮಾತಿನಲ್ಲಿ ಮತ್ತೆ ಹೇಳಿದವು. 1956ರ ಜೂನ್‌ನಲ್ಲಿ ಪಶ್ಚಿಮ ಯುರೋಪಿನ ರೈಲುಗಳು ಒಟ್ಟಾಗಿ ಮೂರನೇ ದರ್ಜೆಯನ್ನು ರದ್ದು ಮಾಡಿದವು. ನಮ್ಮಲ್ಲಿ ಅದು ಹೋದದ್ದು 1974ರಲ್ಲಿ.

ಮೂರನೇ ದರ್ಜೆ ಹೋಯಿತು, ಮೂರನೇ ದರ್ಜೆಯ ಪ್ರಯಾಣಿಕರು ಹೋಗಲಿಲ್ಲ. ಪಶ್ಚಿಮ ಜರ್ಮನಿ ಕೆಲಸಗಾರರನ್ನು ಕರೆಸಿಕೊಳ್ಳಲು 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಗ್ರೀಸ್ ಮತ್ತು ಸ್ಪೇನಿನೊಂದಿಗೆ, 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಸ್ತಾಂಬುಲ್‌ನ ಸಿರ್ಕೆಜಿ ನಿಲ್ದಾಣದಿಂದ ಹೊರಟ ವಿಶೇಷ ರೈಲುಗಳು ಎರಡು ಹಗಲು ಎರಡು ರಾತ್ರಿಗೂ ಮಿಕ್ಕಿ ಓಡಿ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂಗೆ ಬಂದು ನಿಲ್ಲುತ್ತಿದ್ದವು. ಕೂತಲ್ಲೇ ನಿದ್ದೆ, ಕಾಲು ಊದಿಕೊಂಡು ಬೂಟು ಹಿಡಿಸದ ಸ್ಥಿತಿ. ಇಳಿದವರನ್ನು ಪ್ಲಾಟ್‌ಫಾರಂ ಕೆಳಗಿನ ಯುದ್ಧಕಾಲದ ಬಂಕರಿಗೆ ಕರೆದೊಯ್ದು, ಊಟ ಕೊಟ್ಟು, ಹೆಸರು ಕರೆದು ಬೇರೆ ಬೇರೆ ಊರುಗಳ ಕಾರ್ಖಾನೆಗಳಿಗೆ ಹಂಚುತ್ತಿದ್ದರು. ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಅತಿ ಹೆಚ್ಚು ದೂರವನ್ನು ಅತಿ ಕಡಿಮೆ ಖರ್ಚಿನಲ್ಲಿ ಕ್ರಮಿಸಿದವರ ಸಾಲಿನಲ್ಲಿ ಇವರೂ ಇದ್ದಾರೆ, ಯಾಕೆಂದರೆ ಇವರ ಮೊದಲ ಪ್ರಯಾಣದ ಖರ್ಚು ಮಾಲೀಕರದು. ಅಗ್ಗದ ರೈಲಿನ ಕಥೆ ಹೇಳುವವರು ಈ ರೈಲುಗಳನ್ನು ಬಿಟ್ಟು ನೇರ ಇಂಟರ್‌ರೇಲ್‌ಗೆ ಹಾರುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿಯೂ ಅದೇ ಹಳಿ, ಅದೇ ಗಡಿ, ಕೆಲವೊಮ್ಮೆ ಅದೇ ರೈಲು. ಡಾರ್ಟ್‌ಮುಂಡ್‌ನಿಂದ ಅಥೆನ್ಸ್‌ಗೆ ಹೋಗುತ್ತಿದ್ದ ಹೆಲ್ಲಾಸ್ ಎಕ್ಸ್‌ಪ್ರೆಸ್‌ನಲ್ಲಿ ರಜೆಗೆ ಊರಿಗೆ ಹೊರಟ ಗ್ರೀಕ್ ಕಾರ್ಮಿಕ ಮತ್ತು ದ್ವೀಪ ನೋಡಲು ಹೊರಟ ಜರ್ಮನ್ ಹುಡುಗ ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದರು.

ಇಂಟರ್‌ರೇಲ್ ಪಾಸ್ ಬಂದದ್ದು 1972ರಲ್ಲಿ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಆಗ ಐವತ್ತು ತುಂಬಿತ್ತು. 21 ವರ್ಷದ ತನಕದ ಯುರೋಪಿಯನ್ನರಿಗೆ 21 ದೇಶಗಳಲ್ಲಿ ಒಂದು ತಿಂಗಳು ಎಲ್ಲಿ ಬೇಕಾದರೂ ಎರಡನೇ ದರ್ಜೆಯಲ್ಲಿ ಓಡಾಡಬಹುದು, ತಮ್ಮ ದೇಶದೊಳಗೆ ಮಾತ್ರ ಅರ್ಧ ದರ. ಒಂದು ವರ್ಷದ ಹಬ್ಬವೆಂದು ಶುರುವಾದದ್ದು ನಿಲ್ಲಲೇ ಇಲ್ಲ, ವಯಸ್ಸಿನ ಮಿತಿ ಏರುತ್ತಾ ಹೋಗಿ ಕೊನೆಗೆ ಬಿದ್ದೇ ಹೋಯಿತು. ಯುರೋಪಿನ ಹೊರಗಿನವರಿಗೆ 1959ರಿಂದಲೇ ಯೂರೇಲ್ ಎಂಬ ಬೇರೆ ಪಾಸ್ ಇತ್ತು. ಇದರ ಸೊಗಸು ದರದಲ್ಲಷ್ಟೇ ಇರಲಿಲ್ಲ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಆಗ ಯೋಚಿಸಬಹುದಿತ್ತು. ರಾತ್ರಿ ತಂಗಲು ದುಡ್ಡಿಲ್ಲದವರು ಯಾವುದೋ ದೂರದ ರಾತ್ರಿ ರೈಲು ಹತ್ತಿ ಮಲಗುತ್ತಿದ್ದರು. ಮನಸ್ಸು ಬದಲಾಯಿಸುವ ಹಕ್ಕು ಅಗ್ಗದ ಟಿಕೆಟ್ಟಿನೊಂದಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕ ಇನ್ನೊಂದು ಗಳಿಗೆ ಈ ಚರಿತ್ರೆಯಲ್ಲಿ ನನಗೆ ಕಾಣುವುದಿಲ್ಲ.

ಆ ಹಕ್ಕನ್ನೇ ಮುಂದೆ ಕಿತ್ತುಕೊಂಡರು. 1978ರಲ್ಲಿ ಅಮೆರಿಕ ವಿಮಾನ ದರಗಳ ಮೇಲಿನ ಸರ್ಕಾರಿ ಹತೋಟಿ ತೆಗೆದ ಮೇಲೆ, ಅಲ್ಲಿನ ಕಂಪನಿಗಳು ಒಂದು ವಿದ್ಯೆ ಕಲಿತವು. ಒಂದೇ ಸೀಟನ್ನು ಮೊದಲು ಬಂದವನಿಗೆ ಅಗ್ಗಕ್ಕೆ, ಕೊನೆಗೆ ಬಂದವನಿಗೆ ದುಬಾರಿಗೆ ಮಾರುವುದು. ಮೊದಲು ಬರುವವನು ರಜೆಗೆ ಹೋಗುವವನು, ದುಡ್ಡು ಎಣಿಸುವವನು. ಕೊನೆಗೆ ಬರುವವನು ವ್ಯಾಪಾರದ ಕೆಲಸಕ್ಕೆ ಹೋಗುವವನು, ಕಂಪನಿಯ ದುಡ್ಡಿನವನು. ಎಸ್‌ಎನ್‌ಸಿಎಫ್ 1993ರಲ್ಲಿ ಸೊಕ್ರಾಟ್ ಎಂಬ ಹೊಸ ಬುಕಿಂಗ್ ವ್ಯವಸ್ಥೆ ತಂದಾಗ ಅದು ಅಮೆರಿಕನ್ ಏರ್‌ಲೈನ್ಸಿನ ತಂತ್ರಾಂಶದ ಮೇಲೇ ನಿಂತಿತ್ತು. ಪ್ರಯಾಣಿಕರು ರೊಚ್ಚಿಗೆದ್ದರು. ಜರ್ಮನಿಯ ರೈಲ್ವೆ 2002ರ ಡಿಸೆಂಬರಿನಲ್ಲಿ ಇದನ್ನೇ ಮಾಡಹೋಗಿ, ಯಾವ ರೈಲಿಗಾದರೂ ಅರ್ಧ ದರ ಕೊಡುತ್ತಿದ್ದ ಜನಪ್ರಿಯ ಬಾನ್‌ಕಾರ್ಡ್ ಅನ್ನು ರದ್ದು ಮಾಡಿತು. ಎದ್ದ ಗಲಾಟೆಗೆ 2003ರ ಆಗಸ್ಟಿನಲ್ಲಿ ಅದನ್ನು ಮರಳಿ ತರಬೇಕಾಯಿತು. ಮುಂಗಡ ಬುಕಿಂಗಿನ ಏರಿಳಿವ ದರ ಮಾತ್ರ ಉಳಿಯಿತು. ಅಚ್ಚು ಹಾಕಿಟ್ಟ ರಟ್ಟಿನ ಟಿಕೆಟ್ಟಿನ ಕಾಲ ಮುಗಿಯಿತು. ಭಾರತದಲ್ಲಿ ರಾಜಧಾನಿ, ಶತಾಬ್ದಿ ರೈಲುಗಳಿಗೆ 2016ರಲ್ಲಿ ಏರುವ ದರ ಬಂದಾಗ ನಮಗೂ ಇದರ ರುಚಿ ತಿಳಿಯಿತು. ಆದರೆ ನಮ್ಮ ಜನರಲ್ ಬೋಗಿಯ ಟಿಕೆಟ್ ಈಗಲೂ ದೂರದ ಲೆಕ್ಕದಲ್ಲೇ ಇದೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಹತ್ತಿಪ್ಪತ್ತು ಯೂರೋದ ಟಿಕೆಟ್ ಸಿಗುವುದು, ಅದೇ ರೈಲಿನಲ್ಲಿ ಇನ್ನೊಬ್ಬ ನೂರು ಕೊಡುತ್ತಾನೆ ಎಂಬ ಕಾರಣಕ್ಕೇ. ಖಾಲಿ ಓಡುವ ಸೀಟನ್ನು ಅಗ್ಗಕ್ಕೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಬೇರೆ. ಮುಂಗಡ ಟಿಕೆಟ್ ಬಡವರಿಗಾಗಿ ಎಂದು ನಾವು ಅಂದುಕೊಳ್ಳುತ್ತೇವೆ, ನಿಜದಲ್ಲಿ ಅದು ದಿನಾಂಕ ಗೊತ್ತಿರುವವರಿಗಾಗಿ. ವಾರದ ಪಾಳಿ ಶುಕ್ರವಾರ ತಿಳಿಯುವ ಹೋಟೆಲ್ ಕೆಲಸಗಾರನಿಗೆ, ಊರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಇವತ್ತೇ ಹೊರಡಬೇಕಾದವಳಿಗೆ ಅದು ಸಿಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರನ್ನೇ ತೆಗೆದುಕೊಳ್ಳಿ. ಷೆಂಗೆನ್ ವೀಸಾಗೆ ಅರ್ಜಿ ಹಾಕುವಾಗ ಎಲ್ಲಿಂದ ಎಲ್ಲಿಗೆ ಯಾವತ್ತು ಹೋಗುತ್ತೀರಿ ಎಂದು ತೋರಿಸಬೇಕು. ವೀಸಾ ಸಿಗುತ್ತದೋ ಇಲ್ಲವೋ, ಸಿಕ್ಕರೆ ಎಷ್ಟು ದಿನಕ್ಕೆ ಎಂಬುದು ತಿಳಿಯುವ ಹೊತ್ತಿಗೆ ಅಗ್ಗದ ಸೀಟುಗಳು ಖಾಲಿ. ಮೊದಲೇ ಕೊಂಡರೆ, ಆ ಟಿಕೆಟ್ ಬದಲಾಗುವುದಿಲ್ಲ, ಹಣ ಮರಳುವುದಿಲ್ಲ. ಒಂದು ಅಧ್ಯಾಯಕ್ಕೆ ಬೇಕಾದ ಕಾಗದಪತ್ರಗಳು ಮೂರು ಊರುಗಳ ಸಂಗ್ರಹಾಲಯಗಳಲ್ಲಿ ಹಂಚಿಹೋಗಿದ್ದಾಗ, ಯಾವ ಊರಲ್ಲಿ ಎಷ್ಟು ದಿನ ಬೇಕಾದೀತೆಂದು ಎರಡು ತಿಂಗಳ ಮುಂಚೆ ಹೇಳುವವರು ಯಾರು? ನಾನು ಆ ಲೆಕ್ಕ ಹಾಕುತ್ತಾ ಕೂತಾಗಲೇ ದ್ಯುಪ್ವಿಯ ಪುಟ ನನಗೆ ಸರಿಯಾಗಿ ಅರ್ಥವಾದದ್ದು. ಟಿಕೆಟ್ ಬದಲಾಯಿಸಲು ಬಿಡುವುದಕ್ಕೆ ಕಂಪನಿಗೆ ದೊಡ್ಡ ಖರ್ಚೇನೂ ಇಲ್ಲ. ಬಿಟ್ಟರೆ, ದುಡ್ಡಿದ್ದವನೂ ಅದನ್ನೇ ಕೊಳ್ಳುತ್ತಾನೆ.

ವೀಗೋದ ಹುಟ್ಟನ್ನು ನೋಡಿದರೂ ಇದೇ ಕಾಣುತ್ತದೆ. 2013ರಲ್ಲಿ ಅದು ಶುರುವಾದಾಗ ಪ್ಯಾರಿಸ್ ನಗರದೊಳಗಿನ ನಿಲ್ದಾಣದಿಂದ ಹೊರಡುತ್ತಿರಲಿಲ್ಲ. ಹೊರವಲಯದ ಮಾರ್ನ್-ಲಾ-ವಾಲೆಗೆ ಹೋಗಿ ಹತ್ತಬೇಕಿತ್ತು. ಲಿಯೋನ್‌ನಲ್ಲೂ ಇಳಿಸುತ್ತಿದ್ದದ್ದು ಊರಾಚೆಯ ವಿಮಾನ ನಿಲ್ದಾಣದಲ್ಲಿ. ಹೆಚ್ಚಿನ ಲಗೇಜಿಗೆ ಬೇರೆ ದುಡ್ಡು, ಕಾಫಿ ಕುಡಿಯಲು ಬೋಗಿಯಿಲ್ಲ. 2016ರಲ್ಲಿ ಪ್ಯಾರಿಸ್-ಬ್ರಸೆಲ್ಸ್ ನಡುವೆ ಇಝಿ ಎಂಬ ರೈಲು ಬಂತು. ವೇಗದ ಹಳಿಯ ಮೇಲೆ ಓಡಬಲ್ಲ ರೈಲನ್ನೇ ಹಳೆಯ ಹಳಿಗೆ ತಿರುಗಿಸಿ 2 ಗಂಟೆ 15 ನಿಮಿಷ ಓಡಿಸಿದರು. 10 ಯೂರೋದ ಟಿಕೆಟ್ಟಿಗೆ ಸೀಟಿನ ಖಾತ್ರಿ ಇರಲಿಲ್ಲ. ಹಳೆಯ ಹಳಿಗೆ ತಿರುಗಿಸಲು ಲೆಕ್ಕದ ಕಾರಣವೂ ಉಂಟು. 1991ರ ಯುರೋಪಿಯನ್ ನಿರ್ದೇಶನದ ನಂತರ ಹಳಿಯ ಲೆಕ್ಕವೂ ರೈಲಿನ ಲೆಕ್ಕವೂ ಬೇರೆಯಾದವು. ಪ್ರತಿ ರೈಲೂ ಹಳಿಯ ಬಾಡಿಗೆ ಕಟ್ಟಬೇಕು, ಫ್ರಾನ್ಸಿನ ವೇಗದ ಮಾರ್ಗಗಳ ಬಾಡಿಗೆ ಯುರೋಪಿನಲ್ಲೇ ಅತಿ ದುಬಾರಿಗಳಲ್ಲಿ ಒಂದು. ಮೇಲೆ ಹಾರುವ ವಿಮಾನಕ್ಕೆ ಆಕಾಶದ ಹಳಿಗೆ ರಿಪೇರಿ ಖರ್ಚಿಲ್ಲ, ದೇಶದಿಂದ ದೇಶಕ್ಕೆ ಹಾರುವಾಗ ಇಂಧನಕ್ಕೆ ತೆರಿಗೆಯೂ ಇಲ್ಲ. ಪ್ಯಾರಿಸ್‌ನಿಂದ ಬರ್ಲಿನ್‌ಗೆ ರೈಲಿಗಿಂತ ವಿಮಾನ ಅಗ್ಗವೆಂದು ಮೂಗಿನ ಮೇಲೆ ಬೆರಳಿಡುವವರು ಇದನ್ನು ಮರೆಯಬಾರದು. ಆ ಎರಡು ಊರುಗಳ ನಡುವಿನ ರಾತ್ರಿ ರೈಲು ಬಹಳ ವರ್ಷಗಳ ಮೇಲೆ 2023ರ ಡಿಸೆಂಬರಿನಲ್ಲಿ ಮರಳಿ ಬಂದಿತ್ತು. ಫ್ರೆಂಚ್ ಸರ್ಕಾರ ಸಹಾಯಧನ ನಿಲ್ಲಿಸುತ್ತಲೇ, ಅದನ್ನು ನಡೆಸುತ್ತಿದ್ದವರು 2025ರ ಡಿಸೆಂಬರಿನಲ್ಲಿ ಕೈಬಿಟ್ಟರು.

ಗಡಿ ದಾಟುವವನ ಪಾಡು ಇನ್ನೂ ಒಂದು ಕೈ ಮೇಲು. ಒಂದೇ ರೈಲಿನ ಒಂದೇ ಸೀಟಿಗೆ ಈ ದೇಶದ ರೈಲ್ವೆ ಒಂದು ದರ ಹೇಳಿದರೆ ಆ ದೇಶದ ರೈಲ್ವೆ ಇನ್ನೊಂದು ಹೇಳಬಹುದು. ಹಾಗಾಗಿ ಬಲ್ಲವರು ಎರಡೂ ಕಡೆ ನೋಡಿ ಕೊಳ್ಳುತ್ತಾರೆ. ಪ್ರಯಾಣವನ್ನು ತುಂಡು ಮಾಡಿ ಬೇರೆ ಬೇರೆ ಟಿಕೆಟ್ ಕೊಂಡರೆ ಅಗ್ಗವಾಗುವುದುಂಟು. ಆಗ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣಿಕರ ಹಕ್ಕಿನ ಕಾನೂನು ಬಹುತೇಕ ಕೈಕಟ್ಟಿ ನಿಲ್ಲುತ್ತದೆ. ಕ್ಲಿಯರಿಂಗ್ ಹೌಸ್ 1842ರಲ್ಲಿ ಕಂಪನಿಗಳ ತಲೆಗೆ ಕಟ್ಟಿದ ತಲೆನೋವು ಇವತ್ತು ಪ್ರಯಾಣಿಕನ ಪಾಲಿಗೆ ಮರಳಿದೆ.

2022ರ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಾತ್ರ ಜರ್ಮನಿಯಲ್ಲಿ ಇದೆಲ್ಲ ತಲೆಕೆಳಗಾಗಿತ್ತು. ಯುಕ್ರೇನ್ ಯುದ್ಧದಿಂದ ಬೆಲೆಗಳು ಏರಿದಾಗ ಸರ್ಕಾರ ತಿಂಗಳಿಗೆ 9 ಯೂರೋದ ಟಿಕೆಟ್ ತಂದಿತು. ವೇಗದ ದೂರಗಾಮಿ ರೈಲುಗಳನ್ನು ಬಿಟ್ಟು ದೇಶದ ಯಾವ ಪ್ರಾದೇಶಿಕ ರೈಲು, ಬಸ್ಸು, ಟ್ರಾಮನ್ನಾದರೂ ಹತ್ತಬಹುದು. ದಿನಾಂಕ ಬೇಡ, ಬುಕಿಂಗ್ ಬೇಡ. ಸುಮಾರು 5.2 ಕೋಟಿ ಟಿಕೆಟ್ ಮಾರಾಟವಾದವು. ಉತ್ತರ ತುದಿಯ ಸಿಲ್ಟ್ ದ್ವೀಪ ಸಿರಿವಂತರ ವಿಹಾರದ ಜಾಗ. ಅಲ್ಲಿಗೂ ಪ್ರಾದೇಶಿಕ ರೈಲು ಹೋಗುತ್ತದೆ ಎಂಬುದು ಎಲ್ಲರಿಗೂ ಒಮ್ಮೆಗೇ ನೆನಪಾಯಿತು. ದ್ವೀಪ ಮುಳುಗುತ್ತದೆ ಎಂಬಂತೆ ಪತ್ರಿಕೆಗಳು ಬರೆದವು. ಬಣ್ಣದ ಜುಟ್ಟಿನ ಪಂಕ್ ಹುಡುಗರು ಬಂದು ಪೇಟೆಯ ನಡುವಿನ ಚೌಕದಲ್ಲಿ ಬೀಡುಬಿಟ್ಟರು, ಅಂಗಡಿಯವರು ಮುಖ ಸಿಂಡರಿಸಿದರು. ವಿಂಡರ್‌ಮಿಯರಿನಲ್ಲಿ ಮುದಿಕವಿ ಹೆದರಿದ್ದ ದೃಶ್ಯ 178 ವರ್ಷಗಳ ಮೇಲೆ ಉತ್ತರ ಸಮುದ್ರದ ಮರಳಿನ ಮೇಲೆ ನಡೆಯಿತು. ಬಿಯರ್ ಬಾಟಲಿಗಳನ್ನು ಗುಡಿಸಬೇಕಾಯಿತು ಎಂಬುದೂ ನಿಜ.

2023ರ ಮೇ ತಿಂಗಳಿಂದ ಅದರ ಜಾಗದಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ಮೊದಲು ತಿಂಗಳಿಗೆ 49 ಯೂರೋ, 2025ರಿಂದ 58, 2026ರಿಂದ 63. ಹೊತ್ತು ಇದ್ದವರು ಅದನ್ನೇ ಹಿಡಿದು ಮೂರು ನಾಲ್ಕು ರೈಲು ಬದಲಾಯಿಸುತ್ತಾ ಹ್ಯಾಂಬರ್ಗಿನಿಂದ ಮ್ಯೂನಿಕ್ ತನಕ ದಿನವಿಡೀ ಕೂತು ಹೋಗುತ್ತಾರೆ. ಮ್ಯೂನಿಕ್‌ನಿಂದ ಪೂರ್ವಕ್ಕೆ ಇನ್ನೊಂದು ಪ್ರಾದೇಶಿಕ ರೈಲು ಹತ್ತಿದರೆ ಅದು ಆಸ್ಟ್ರಿಯಾದ ಗಡಿ ದಾಟಿ ಸಾಲ್ಸ್‌ಬರ್ಗ್ ನಿಲ್ದಾಣದವರೆಗೂ ಒಯ್ಯುತ್ತದೆ, ಅಲ್ಲಿಯ ತನಕ ಆ ಟಿಕೆಟ್ ನಡೆಯುತ್ತದೆ. ಇಸ್ತಾಂಬುಲ್‌ನಿಂದ ಬರುತ್ತಿದ್ದ ಕಾರ್ಮಿಕರ ರೈಲುಗಳು ಜರ್ಮನಿಯನ್ನು ಹೊಕ್ಕುತ್ತಿದ್ದದ್ದೂ ಈ ಹಳಿಯ ಮೇಲೆಯೇ. ಸಾಲ್ಸ್‌ಬರ್ಗಿನಿಂದ ಮುಂದೆ ವಿಯೆನ್ನಾಕ್ಕೆ ಹೋಗಬೇಕೆಂದರೆ ಬೇರೆ ಟಿಕೆಟ್ ಕೊಳ್ಳಬೇಕು. ಅದರ ದರ ನೀವು ಯಾವತ್ತು ಕೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ.